ಬಲ್ಬು ಮಂಕಾದರೆ ಬಲ್ಬಕ್ಕನ ಮುಖ ಅರಳುತ್ತದೆ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನವನ ಸೈಕಲ್ ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಬಲ್ಬಕ್ಕ ಮೇಜಿಗೆ ಬಾಗಿ ನಿಂತಿದ್ದಾರೆ. ಬಲಗೈಯಲ್ಲಿ ಕರೆಂಟು ಅಳೆಯುವ ಮೀಟರಿನ ಕಡ್ಡಿ, ಎಡಗೈ ಬೆನ್ನ ಹಿಂದೆ. "ಎರಡೂ ಕೈ ಒಳಗೆ ಹಾಕಿದ್ರೆ ಕರೆಂಟು ಎದೆ ಮೂಲಕಾನೇ ಹಾದು ಹೋಗತ್ತೆ," ಎನ್ನುತ್ತಾರೆ, ತರಕಾರಿ ರೇಟು ಹೇಳಿದಷ್ಟು ಸಲೀಸಾಗಿ. ಎದುರಿಗಿರುವುದು ಇಪ್ಪತ್ತೆಂಟು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಇಳಿಸಿಕೊಡುವ ತಗಡಿನ ಡಬ್ಬಿ. ಇಷ್ಟು ಬೇಗ ಯಾಕೆ ಅಂದರೆ, ಹೊತ್ತೇರಿದ ಮೇಲೆ ಬೀದಿ ಗದ್ದಲದಲ್ಲಿ ಡಬ್ಬಿಯ ಸಣ್ಣ ಗುಂಯ್ ಸದ್ದು ಕಿವಿಗೆ ಬೀಳುವುದಿಲ್ಲವಂತೆ.

ಡಬ್ಬಿ ಬಂದಿರುವುದು ಅಂಧ ಮಕ್ಕಳ ಶಾಲೆಯಿಂದ. ಕಾಗದದ ಮೇಲೆ ಬ್ರೈಲ್ ಚುಕ್ಕಿ ಒತ್ತುವ ಅಲ್ಲಿನ ಯಂತ್ರ ಈ ಒಂದು ಕಂಪ್ಯೂಟರಿನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. ಇವತ್ತು ಶನಿವಾರ, ಸೋಮವಾರ ಪರೀಕ್ಷೆ. ಹದಿನೆಂಟು ಮಕ್ಕಳ ಪ್ರಶ್ನೆಪತ್ರಿಕೆ ಇನ್ನೂ ಅಚ್ಚಾಗಿಲ್ಲ. ಕತ್ತಲಿರುವಾಗಲೇ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿರುವ ಶಾಲೆಯ ಮೇಷ್ಟ್ರಿಗೂ ಕಣ್ಣು ಕಾಣುವುದಿಲ್ಲ. "ಬೇರೆಯವರು ಪ್ರಶ್ನೆ ಓದಿ ಹೇಳಬಹುದು. ಆದ್ರೆ ನಮ್ಮ ಮಕ್ಕಳು ವರ್ಷವಿಡೀ ಓದೋಕೆ ಕಲಿತಿದ್ದಾರೆ. ತಾವೇ ಓದ್ಲಿ ಅಂತ ಆಸೆ," ಎನ್ನುತ್ತಾರೆ. ನಿನ್ನೆ ಎರಡು ಅಂಗಡಿಯವರು "ಇದು ಸತ್ತಿದೆ ಸಾರ್, ಗುಜರಿಗೆ ಹಾಕಿ" ಎಂದು ಕೈತೊಳೆದುಕೊಂಡರಂತೆ.

ಬಲ್ಬಕ್ಕನಿಗೆ ನಗು. "ಡಬ್ಬಿ ಒಂದನ್ನೇ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿರ್ತಾರೆ. ಹಳೇ ಕಾಲದವು ಕರೆಂಟು ಎಳೆಯೋ ಹೊರೆ ಇಲ್ದೆ ಏಳೋದೇ ಇಲ್ಲ. ಒಂದು ಹಳೇ ಹಾರ್ಡ್ ಡಿಸ್ಕಾದ್ರೂ ಸಿಗಿಸಬೇಕು." ಹಾಗಂತ ಡಬ್ಬಿ ಗಟ್ಟಿಮುಟ್ಟಾಗಿತ್ತು ಎಂದೇನಲ್ಲ. ಕರೆಂಟು ಕೂಡಿಟ್ಟುಕೊಳ್ಳುವ ಐದು ಕೆಪಾಸಿಟರುಗಳು ಕೆಟ್ಟು ತಲೆ ಉಬ್ಬಿಸಿಕೊಂಡು ಕೂತಿದ್ದವು. ಐದನ್ನೂ ಈಗಷ್ಟೇ ಕಿತ್ತು ಹೊಸದು ಬೆಸೆದಿದ್ದಾರೆ.

ರೇಡಿಯೊ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ತಪಾಸಣೆ ಮಾಡಿದ ಕೈ ಇದು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಎರಡು ವರ್ಷ ಮನೆಯಲ್ಲೇ ಕೂತರು. "ಗೋಡೆ ನೋಡಿ ನೋಡಿ ತಲೆ ಕೆಟ್ಟಿತ್ತು." ಆಗ ಶುರುವಾದ ಈ ಕೆಲಸಕ್ಕೆ ಹದಿನೈದು ವರ್ಷ ತುಂಬಿದೆ. ದಿನಕ್ಕೆ ಮೂರು ಡಬ್ಬಿ, ಹತ್ತರಲ್ಲಿ ಏಳು ಬದುಕುತ್ತವೆ. ಬದುಕದ ಮೂರರ ಬಿಡಿಭಾಗಗಳು ಗೋಡೆಯ ಅರವತ್ತು ಪುಟ್ಟ ಡ್ರಾಯರುಗಳಲ್ಲಿವೆ.

ಚಾವಣಿಯಲ್ಲಿ ಒಂದು ಕಂದು ಕಲೆ. ಮೊದಲ ವರ್ಷ ಕೆಪಾಸಿಟರನ್ನು ತಿರುಗುಮುರುಗಾಗಿ ಬೆಸೆದು ಸ್ವಿಚ್ ಹಾಕಿದಾಗ ಅದು ಸಿಡಿದು ಮೇಲಕ್ಕೆ ಹಾರಿತ್ತು. "ಬಣ್ಣ ಹೊಡೆಸುವಾಗೆಲ್ಲ ಆ ಜಾಗ ಬಿಡಿಸ್ತಾಳೆ. ಬಂದ ನೆಂಟರು ಮನೆ ಸೋರ್ತಿದೆ ಅನ್ಕೊಳ್ತಾರೆ," ಎಂದು ಗೊಣಗುತ್ತಾರೆ ನಿವೃತ್ತ ಬಸ್ ಡ್ರೈವರ್ ಆದ ಗಂಡ, ಮೇಷ್ಟ್ರ ಕೈಗೆ ಟೀ ಲೋಟ ಹಿಡಿಸುತ್ತ. "ಅದು ನನಗೆ ಬುದ್ಧಿ ಹೇಳಿದ ಕಲೆ ಕಣ್ರೀ, ಇರ್ಲಿ ಬಿಡಿ," ಎನ್ನುತ್ತಾರೆ ಈಕೆ.

ಅಂದಿನಿಂದ ಯಾವ ಡಬ್ಬಿಗೂ ಕರೆಂಟನ್ನು ನೇರವಾಗಿ ಕೊಟ್ಟಿಲ್ಲ. ನಡುವೆ ನೂರು ವ್ಯಾಟಿನ ಹಳೇ ಬಲ್ಬೊಂದನ್ನು ಸೇರಿಸುತ್ತಾರೆ. ಅದು ಝಗ್ ಎಂದು ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಒಮ್ಮೆ ಮಿಂಚಿ ಮಂಕಾದರೆ ಗೆದ್ದಂತೆ. ಬೀದಿಯವರು ಇಟ್ಟ ಹೆಸರು ಇದರಿಂದಲೇ ಬಂದದ್ದು.

ಹಾರ್ಡ್ ಡಿಸ್ಕ್ ಸಿಗಿಸಿ ಸ್ವಿಚ್ ಒತ್ತುತ್ತಾರೆ. ಬಲ್ಬು ಮಿಂಚುತ್ತದೆ. ಬಲ್ಬು ಮೆಲ್ಲಗೆ ಮಂಕಾಗುತ್ತದೆ. ಬಲ್ಬಕ್ಕ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಮೇಷ್ಟ್ರು, "ತಿರುಗ್ತಿದೆ ಅಲ್ವಾ?" ಎನ್ನುತ್ತಾರೆ. ಹಾರ್ಡ್ ಡಿಸ್ಕಿನ ಸದ್ದು ಎಲ್ಲರಿಗಿಂತ ಮುಂಚೆ ಅವರ ಕಿವಿಗೆ ಬಿದ್ದಿದೆ.

ಆಮೇಲೂ ಒಂದು ಗಂಟೆ ಮೀಟರು ಹಿಡಿದು ನೋಡಿಯೇ ಬಲ್ಬಕ್ಕ ಸಮಾಧಾನಪಡುವುದು. ಕೊನೆಗೆ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಕು, ಬದಲಿಸಿದ ಐದು ಭಾಗಗಳ ವಿವರ ಬರೆದು ಸ್ಕ್ರೂ ಬಿಗಿಯುತ್ತಾರೆ.

ಮಧ್ಯಾಹ್ನ ಶಾಲೆಯಿಂದ ಫೋನು ಬರುತ್ತದೆ. ಆ ಕಡೆ ಮಾತಿಲ್ಲ, ಟಕಟಕ ಸದ್ದು ಮಾತ್ರ. ಮೇಷ್ಟ್ರು ಫೋನನ್ನು ಯಂತ್ರದ ಹತ್ತಿರ ಹಿಡಿದಿದ್ದಾರೆ. ಬಲ್ಬಕ್ಕ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಮೇಷ್ಟ್ರ ದನಿ: "ಇದು ಹನ್ನೊಂದನೇ ಪ್ರತಿ ಅಕ್ಕಾ. ಸಂಜೆಯೊಳಗೆ ಎಲ್ಲ ಮುಗಿಯತ್ತೆ. ಬೆಳಿಗ್ಗೆ ಮುಚ್ಚಳಕ್ಕೆ ಪೆನ್ಸಿಲಲ್ಲಿ ಏನೋ ಬರೆದ ಸದ್ದು ಕೇಳಿಸ್ತು. ನಿಮ್ಮ ಹೆಸರೂ ಹಾಕಿದ್ರಾ?"

"ಹೆಸರು ಯಾಕೆ ಮೇಷ್ಟ್ರೇ," ಎನ್ನುತ್ತಾರೆ ಬಲ್ಬಕ್ಕ, ಮುಂದಿನ ಡಬ್ಬಿಯ ಸ್ಕ್ರೂ ಬಿಚ್ಚುತ್ತ. "ನನ್ನ ನಂತರ ಅದನ್ನ ಬಿಚ್ಚೋರು, ಯಾರೋ ನೆಟ್ಟಗೆ ಕೆಲಸ ಮಾಡಿದ್ದಾರೆ ಅಂದ್ರೆ ಸಾಕು."