ಪ್ರಶ್ನೆಯ ವೇಷ ತೊಟ್ಟ ಅಪ್ಪಣೆ

ಉಪ್ಪಿನಕಾಯಿಯ ಎಣ್ಣೆ ತಾಗಿ ಮೂಲೆ ಪಾರದರ್ಶಕವಾಗಿದ್ದ ಆ ಇಂಗ್ಲಿಷ್ ಪಾಠದ ನೋಟುಬುಕ್ಕು ಶಾರದಾಬಾಯಿಯವರದು. ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಯಶವಂತಪುರದ ಕಾರ್ಖಾನೆಯೊಂದು ಆತನ ಬದಲಿಗೆ ಇವರಿಗೆ ಕಚೇರಿಯಲ್ಲಿ ಕೆಲಸ ಕೊಟ್ಟಿತ್ತು. ಆರು ತಿಂಗಳು ನೋಡಿ ಕಾಯಂ ಮಾಡುವ ಷರತ್ತು ಬೇರೆ. ಎಪ್ಪತ್ತರ ದಶಕದ ಕೊನೆಯ ದಿನಗಳವು. ಆರ್.ಟಿ. ನಗರದ ವಠಾರದಲ್ಲಿ ಅವರ ಪಕ್ಕದ ಮನೆಯವಳಾದ ನಾನು ಶಾಲೆಯ ಟೀಚರ್. ಸಂಜೆ ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ.

ವಾಕ್ಯಗಳು ನಾಲ್ಕು ಬಗೆ ಎಂದು ಕಲಿಸಿದೆ: ಹೇಳಿಕೆ, ಪ್ರಶ್ನೆ, ಅಪ್ಪಣೆ, ಉದ್ಗಾರ. 'ವಿಲ್ ಯೂ' ಎಂದು ಶುರುವಾದರೆ ಪ್ರಶ್ನೆ. ಎಸ್ ಅಥವಾ ನೋ ಎಂದು ಉತ್ತರಿಸಬೇಕು. ಎಂಥ ಭರವಸೆ ನನ್ನದು!

ಒಂದು ಸಂಜೆ ಅವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. ಕೈಯಲ್ಲೊಂದು ಮೆಮೊ. ಕಚೇರಿಯ ಸಾಹೇಬರು ದಪ್ಪ ರಿಜಿಸ್ಟರೊಂದನ್ನು ಮೇಜಿನ ಮೇಲಿಟ್ಟು, "ವಿಲ್ ಯೂ ಫಿನಿಶ್ ದಿಸ್ ಟುಡೇ?" ಎಂದರಂತೆ. ಇವರು ಗಡಿಯಾರ ನೋಡಿ, ಉಳಿದ ಪುಟಗಳನ್ನು ನೋಡಿ, ಎಲ್ಲರೆದುರು ಪ್ರಾಮಾಣಿಕವಾಗಿ "ನೋ ಸರ್" ಎಂದಿದ್ದರು. ಅವಿಧೇಯತೆಗೆ ಕಾರಣ ಕೇಳಿತ್ತು ಮೆಮೊ.

"ಅವ್ರು ಕೇಳಿದ್ರು ಅಕ್ಕಾರ, ನಾ ಹೇಳಿದೆ. ಅದು ಪ್ರಶ್ನಾ ಅಲ್ಲೇನ್ರಿ?"

"ಪ್ರಶ್ನೆನೇ ಕಣ್ರೀ. ಆದ್ರೆ ಅಪ್ಪಣೆ."

"ಹಂಗಂತ ನೀವು ಕಲಿಸಲಿಲ್ಲಲ್ರಿ."

ನಾನು ತಲೆ ತಗ್ಗಿಸಿದೆ. "ಇನ್ನೂ ಕಾಫಿ ಆಗಿಲ್ವಾ?" ಎಂದು ಅತ್ತೆ ಕೇಳಿದಾಗ ಯಾವ ಸೊಸೆ ತಾನೇ ಅದನ್ನು ಪ್ರಶ್ನೆಯೆಂದು ತಿಳಿದಾಳು, ನೀವೇ ಹೇಳಿ. ತಾಯ್ನುಡಿಯಲ್ಲಿ ದನಿಯ ಏರಿಳಿತವೇ ನಮಗೆ ದಾರಿ ತೋರಿಸುತ್ತದೆ. ಪರನುಡಿಯಲ್ಲಾದರೋ ನಿಯಮವೊಂದನ್ನೇ ಊರುಗೋಲಾಗಿ ಹಿಡಿದು ನಡೆಯಬೇಕು. ಆ ಕೋಲನ್ನು ಅರೆಬರೆ ಕೆತ್ತಿ ಕೊಟ್ಟವಳು ನಾನು.

ಮರುದಿನ ರಜೆ ಹಾಕಿ ಅವರೊಡನೆ ಕಚೇರಿಗೆ ಹೋದೆ. "ತಪ್ಪು ನಂದು ಸಾರ್, ನಾನೇ ಹಾಗೆ ಕಲಿಸಿದ್ದು" ಎಂದು ನಾನು ಶುರುಮಾಡುವಷ್ಟರಲ್ಲಿ ಶಾರದಾಬಾಯಿ ಮುಂದೆ ಬಂದರು.

"ಮಾಡಂಗಿಲ್ಲ ಅಂದಿಲ್ರಿ ಸಾಹೇಬ್ರ. ಇವತ್ತ ಮುಗಿಯಂಗಿಲ್ಲ ಅಂದೆ. ಸುಳ್ಳ ಎಸ್ ಅನ್ನಬೇಕಿತ್ತೇನ್ರಿ?"

ಸಾಹೇಬರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಮೆಮೊ ಈಸಿಕೊಂಡು, ಎರಡಾಗಿ ಮಡಿಸಿ ಡ್ರಾಯರಿನೊಳಗೆ ಹಾಕಿದರು. ಕೆಲಸ ಕಾಯಂ ಆದದ್ದು ಆಮೇಲಿನ ಮಾತು. ಆ ದಿನ ಸಾಹೇಬರು ಕನ್ನಡದಲ್ಲಿ, ಮೆಲ್ಲಗೆ, "ಎಷ್ಟು ದಿನ ಬೇಕಮ್ಮ?" ಎಂದು ಕೇಳಿದರು. ಕೇಳಿ, ಉತ್ತರಕ್ಕಾಗಿ ಕಾದರು.

ಶಾರದಾಬಾಯಿ ಅವಸರಪಡಲಿಲ್ಲ. ಮೇಜಿನ ಮೇಲಿದ್ದ ರಿಜಿಸ್ಟರಿನ ಉಳಿದ ಹಾಳೆಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸರಸರನೆ ಹಾಯಿಸಿ ನೋಡಿ ಹೇಳಿದರು:

"ನಾಡಿದ್ದ ಮಧ್ಯಾಹ್ನ, ಸಾಹೇಬ್ರ."