ಕಪ್ಪೆ ಮುಳುಗಿಸುವ ಗೊಗ್ಗರಣ್ಣ

ಸುಟ್ಟ ಫ್ಯೂಸುಗಳಿಗೆ ಪುನರ್ಜನ್ಮ ಕೊಡುವವನು. ಏಣಿಯ ತುದಿಯಲ್ಲಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಎಲ್ಲರ ಯೋಗಕ್ಷೇಮ ವಿಚಾರಿಸುವವನು. ಹೆಂಡತಿಗೆ ಎದುರಾಡದವನು, ಆಡಿದರೂ ಅಡುಗೆಮನೆಯಿಂದ ಸಾಕಷ್ಟು ದೂರ ಬಂದ ಮೇಲೆಯೇ ಆಡುವವನು. ದೇವರ ಮುಂದೆ ಕೈಮುಗಿದು ನಿಂತರೂ ಹಾಡಿ ದೇವರಿಗೆ ತೊಂದರೆ ಕೊಡದವನು. ಹೃದಯದಲ್ಲಿ ಬೆಣ್ಣೆಯನ್ನೂ ಕಂಠದಲ್ಲಿ ತುಕ್ಕು ಹಿಡಿದ ಗೇಟನ್ನೂ ಧರಿಸಿದವನು. ಇಂತೀ ಸಕಲಗುಣಸಂಪನ್ನನಾದ ಎಲೆಕ್ಟ್ರಿಷಿಯನ್ ಒಬ್ಬನನ್ನು ಲೋಕವು ಗೊಗ್ಗರಣ್ಣನೆಂದು ಕರೆಯುತ್ತಿತ್ತು.

ಅವನು ದೀಪ, ಫ್ಯಾನು, ತಂತಿಗಳನ್ನು ನೋಡಿಕೊಳ್ಳುತ್ತಿದ್ದ ಕಚೇರಿಯಲ್ಲಿ ಮಕ್ಕಳಿಗೆ ಸಂಗೀತದ ಮೊದಲ ಪಾಠ ಕಲಿಸುವ ಆನ್‌ಲೈನ್ ಆಟಗಳು ಹುಟ್ಟುತ್ತಿದ್ದವು. ತಾಳ ಕಲಿಸಲು ಡೋಲು ಬಡಿಯುವ ಕೋತಿಯಿತ್ತು. ಆದರೆ ಮಕ್ಕಳ ಪ್ರಾಣ ಕಪ್ಪೆಯ ಕೊಳದಲ್ಲಿತ್ತು. ಪರದೆಯೊಳಗಿಂದ ಒಂದು ಸ್ವರ ಕೇಳಿಬರುತ್ತದೆ. ಮಗು ಅದನ್ನೇ ಮೈಕಿಗೆ ಹಾಡಬೇಕು. ಶ್ರುತಿ ಸೇರಿದರೆ ಕಪ್ಪೆ ಮುಂದಿನ ಎಲೆಗೆ ಹಾರುತ್ತದೆ, ತಪ್ಪಿದರೆ ನೀರುಪಾಲು.

ಒಮ್ಮೆ ಆ ಆಟದ ಪರೀಕ್ಷೆ ನಡೆಯುತ್ತಿದ್ದಾಗ, ಏಣಿಯ ಮೇಲಿದ್ದ ಗೊಗ್ಗರಣ್ಣ ತನ್ನ ಪಾಡಿಗೆ ತಾನು ಗುನುಗಿದನು. ಕಪ್ಪೆ ಕಲ್ಲಿನಂತೆ ಮುಳುಗಿತು. ಪ್ರೋಗ್ರಾಮರ್ ಹುಡುಗಿಗೆ ಆಗ ಜ್ಞಾನೋದಯವಾಯಿತು: ಇವನಿಗೂ ಕಪ್ಪೆ ಹಾರಿತೆಂದರೆ ಆಟಕ್ಕೆ ಕಿವಿಯಿಲ್ಲವೆಂದೇ ಅರ್ಥ. ಅಂದಿನಿಂದ ಆಟದ ಪ್ರತಿಯೊಂದು ಹೊಸ ರೂಪವೂ ಕೊನೆಯಲ್ಲಿ ಗೊಗ್ಗರಣ್ಣನ ಬಾಯಿಗೆ ಬೀಳಬೇಕೆಂಬ ಪದ್ಧತಿ ನೆಲೆಯಾಯಿತು. ಗಾಜಿನ ಕೋಣೆಯಲ್ಲಿ ಅವನಿಗೆಂದೇ ಮೆತ್ತೆಯ ಕುರ್ಚಿ ಬಂದಿತು. ಆಟದ ಸ್ವರಗಳನ್ನೆಲ್ಲ ಹಾಡಿಕೊಟ್ಟಿದ್ದ ಸಂಗೀತದ ಮೇಡಂ ಮಾತ್ರ, ಅವನು ಆ ಕುರ್ಚಿ ಏರಿದೊಡನೆ ನೀರಿನ ಹೂಜಿ ಹಿಡಿದು ಹೊರಗೆ ನಡೆಯುತ್ತಿದ್ದರು. ತಪ್ಪು ಹಾಡಿ ಇಷ್ಟು ಮರ್ಯಾದೆ ಗಳಿಸಿದವರು ಲೋಕದಲ್ಲಿ ವಿರಳ. ಗೊಗ್ಗರಣ್ಣನಿಗೂ ಅದರ ಹೆಮ್ಮೆಯಿತ್ತು.

ಆ ಹೆಮ್ಮೆಗೆ ಮೊದಲ ಪೆಟ್ಟು ಮನೆಯಲ್ಲೇ ಬಿದ್ದಿತು. ಪುಟ್ಟ ಮಗಳ ಶಾಲೆಯಲ್ಲಿ ಮಕ್ಕಳೂ ತಂದೆತಾಯಿಗಳೂ ಕೂಡಿ ಹಾಡುವ ದಿನ ಸಮೀಪಿಸಿತ್ತು.

"ಅಪ್ಪಾ, ಈ ಸಲ ನೀನು ಬಾಯಿ ಮಾತ್ರ ಆಡಿಸು. ಸದ್ದು ಮಾಡಬೇಡ."

"ಯಾಕಮ್ಮ?"

"ಹೋದ ಸಲ ನೀನು ಹಾಡಿದಾಗ ಟೀಚರ್ ಫ್ಯಾನ್ ಕೆಟ್ಟಿದೆ ಅಂತ ಆಫ್ ಮಾಡಿದ್ರು."

ಫ್ಯಾನುಗಳ ಮಾನ ಕಾಯುವವನಿಗೆ ಈ ಮಾತು ಎದೆಗೆ ನಾಟಿತು. ಅಂದಿನಿಂದ ಮಗಳು ಕಪ್ಪೆಯಾಟಕ್ಕೆ ಕುಳಿತಾಗಲೆಲ್ಲ ಅವನೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕತೊಡಗಿದನು.

"ಆ ಕಪ್ಪೆ ಹೋದ ಜನ್ಮದಲ್ಲಿ ಏನು ಪಾಪ ಮಾಡಿತ್ತೋ, ಆಫೀಸಲ್ಲೂ ನೀವೇ, ಮನೇಲೂ ನೀವೇ," ಎಂದಳು ಹೆಂಡತಿ.

ಮಗಳು ಹೆತ್ತಪ್ಪನೆಂಬ ದಾಕ್ಷಿಣ್ಯ ತೋರಲಿಲ್ಲ. "ಮೊದಲು ಕೇಳು. ಆಮೇಲೆ ಬಾಯಿ ಮುಚ್ಚಿಕೊಂಡು ಹುಂಗುಟ್ಟು. ಆಮೇಲೆ ಬಾಯಿ ತೆಗಿ. ನೀನು ಕೇಳೋಕೆ ಮುಂಚೇನೇ ಶುರು ಹಚ್ಕೋತೀಯ." ಗೊಗ್ಗರಣ್ಣ ವಿಧೇಯನಾಗಿ ಬಾಯಿ ಮುಚ್ಚಿದನು. ಮದುವೆಯಾದ ಲಾಗಾಯ್ತು ಅಭ್ಯಾಸವಿದ್ದುದರಿಂದ ಅದೇನೂ ಕಷ್ಟವಾಗಲಿಲ್ಲ. ಹೀಗೆ ಎಷ್ಟೋ ಕಪ್ಪೆಗಳ ಬಲಿಯಾದ ಮೇಲೆ, ಒಂದು ಸಂಜೆ ಮಗಳ ಕಪ್ಪೆ ಮೊದಲ ಬಾರಿಗೆ ಆಚೆ ದಡ ಸೇರಿತು. ಅಪ್ಪನದು ಎಲೆಯಿಂದೆಲೆಗೆ ಕುಂಟುತ್ತ ನಡುನೀರಿನವರೆಗೆ ಹೋಯಿತು. ಈ ಸಂಗತಿಯನ್ನು ಅವನು ಕಚೇರಿಯಲ್ಲಿ ಬಾಯಿಬಿಡಲಿಲ್ಲ. ಮೆತ್ತೆಯ ಕುರ್ಚಿಯ ಮೋಹ ಅಂಥದು.

ಅಷ್ಟರಲ್ಲಿ ಕೊಳದ ಹೊಸ ರೂಪ ಪರೀಕ್ಷೆಗೆ ಬಂದಿತು. ಗೊಗ್ಗರಣ್ಣ ಕುರ್ಚಿಯೇರಿ ಹಾಡಿದನು. ಕಪ್ಪೆ ಹಾರಿತು. ಮತ್ತೆ ಹಾಡಿದನು, ಮತ್ತೆ ಹಾರಿತು. ಕೋಣೆಯಲ್ಲಿ ಸೂತಕದ ಕಳೆ ಕವಿಯಿತು.

"ಅಣ್ಣಾ, ಸರಿಯಾಗಿ ಕೆಟ್ಟದಾಗಿ ಹಾಡಿ," ಎಂದಳು ಪ್ರೋಗ್ರಾಮರ್ ಹುಡುಗಿ.

ಅವನು ಮನಸ್ಸು ಮಾಡಿ ಕೆಡಿಸಲು ಹೋದನು. ಒಮ್ಮೆ ತೆರೆದ ಕಿವಿ ಒಪ್ಪಲಿಲ್ಲ. ದನಿ ತಾನಾಗಿಯೇ ಸ್ವರಕ್ಕೆ ಬಂದು ಕುಳಿತಿತು. ಕಪ್ಪೆ ಹಾರಿತು.

ಬಾಗಿಲಲ್ಲಿ ನಿಂತಿದ್ದ ಮಾಲೀಕ ಕೆರಳಿದನು. "ಇವನಿಗೇ ಹಾರ್ತಿದೆ ಅಂದ್ರೆ ಕತ್ತೆ ಕೂಗಿದ್ರೂ ಹಾರುತ್ತೆ. ಶ್ರುತಿಯ ಅಳತೆ ಬಿಗಿ ಮಾಡಮ್ಮ, ಇವತ್ತೇ."

"ಬಿಗಿ ಮಾಡಿದ್ರೆ ಚಿಕ್ಕ ಮಕ್ಕಳ ಕಪ್ಪೆ ಒಂದೂ ದಡ ಸೇರಲ್ಲ, ಸಾರ್."

"ಮುಳುಗಲಿ ಬಿಡು. ಮುಳುಗಿ ಮುಳುಗಿ ಕಲೀತಾರೆ."

ಹುಡುಗಿ ಕೀಲಿಮಣೆಗೆ ಕೈಹಾಕಿದಳು. ಗೊಗ್ಗರಣ್ಣ ಕುಳಿತಲ್ಲೇ ಲೆಕ್ಕ ಹಾಕಿದನು. ಸುಮ್ಮನಿದ್ದರೆ ಕುರ್ಚಿಯೂ ಕೀರ್ತಿಯೂ ಉಳಿಯುತ್ತವೆ. ಆದರೆ ಸಂಜೆಯೊಳಗೆ ಮಗಳ ಕಪ್ಪೆ ನೀರು ಕುಡಿಯುತ್ತದೆ, ತಪ್ಪು ತನ್ನದೇ ಎಂದು ಆ ಕೂಸು ಅಳುತ್ತದೆ. ಅವನು ಮೆತ್ತೆಯನ್ನೊಮ್ಮೆ ಸವರಿ ಎದ್ದು ನಿಂತನು.

"ಸ್ವಲ್ಪ ತಡಿ, ತಂಗಿ. ಆಟದ ಕಿವಿ ಸರಿಯಾಗೇ ಇದೆ. ನನಗೂ ಕಿವಿ ಬಂದುಬಿಟ್ಟಿದೆ."

"ಹಾಗಂದ್ರೆ?"

"ಮಗಳು ಕಲಿಸಿದಳು. ನಿಮ್ಮದೇ ಆಟದಲ್ಲಿ."

ಮಾಲೀಕ ನಕ್ಕನು, ಸಂಗೀತದ ಮೇಡಂ ನಗಲಿಲ್ಲ. ಎಂದಿನಂತೆ ಹೊರಟಿದ್ದವರು ಕಪ್ಪೆ ಹಾರಿದ್ದು ಕಂಡು ಬಾಗಿಲ ಬಳಿಯೇ ನಿಂತಿದ್ದರು. ಈಗ ಹೂಜಿಯನ್ನು ಕೆಳಗಿಟ್ಟು ಹಾರ್ಮೋನಿಯಂ ಎಳೆದುಕೊಂಡು ಒಂದು ಸ್ವರ ನುಡಿಸಿದರು. ಗೊಗ್ಗರಣ್ಣ ಕೇಳಿದನು, ಹುಂಗುಟ್ಟಿದನು, ಬಾಯಿ ತೆಗೆದನು.

ಮೇಡಂ ಅದೇ ಸ್ವರವನ್ನು ಮತ್ತೊಮ್ಮೆ ನುಡಿಸಿ ಹೋಲಿಸಿ ನೋಡಿದರು. "ದನಿ ಗೊಗ್ಗರೇ. ಅದಕ್ಕೆ ಔಷಧಿ ಇಲ್ಲ. ಶ್ರುತಿ ಮಾತ್ರ ಸೇರಿದೆ."

"ಒಂದು ಸ್ವರ ತಾನೆ, ಯಾರು ಬೇಕಾದ್ರೂ ಹಾಡ್ತಾರೆ," ಎಂದು ಮಾಲೀಕ ಮೈಕನ್ನು ಕಿತ್ತುಕೊಂಡು ಹಾಡಿದನು. ಕಪ್ಪೆ ಮುಳುಗಿತು. ಗಂಟಲು ಸರಿಮಾಡಿಕೊಂಡು ಮತ್ತೆ ಹಾಡಿದನು. ಈ ಸಲ ಅದು, ಸಿದ್ಧವಾಗಿಯೇ ಇತ್ತೋ ಎಂಬಂತೆ, ಇನ್ನೂ ಬೇಗ ಮುಳುಗಿತು. ಮೇಡಂ ಹೂಜಿಯನ್ನು ಕೈಗೆತ್ತಿಕೊಂಡರು.

ಹುಡುಗಿ ನಗು ನುಂಗಿ ಕೀಲಿಮಣೆಯಿಂದ ಕೈ ತೆಗೆದಳು. "ಆಟ ಸರಿಯಾಗಿದೆ, ಸಾರ್. ಬಿಗಿ ಮಾಡೋದು ಬೇಡ. ಇನ್ಮೇಲೆ ಪರೀಕ್ಷೆಗೆ ನಿಮ್ಮನ್ನೇ ಕರೀತೀವಿ." ಮೆತ್ತೆಯ ಕುರ್ಚಿಗೆ ಹೀಗೆ ಹೊಸ ಒಡೆಯ ದೊರೆತನು, ಗೊಗ್ಗರಣ್ಣ ತನ್ನ ಏಣಿಗೆ ಮರಳಿದನು.

ಶಾಲೆಯಲ್ಲಿ ಹಾಡು ಮೊದಲಾದಾಗ ಮಗಳು ಅಪ್ಪನ ಕಿರುಬೆರಳನ್ನು, ಬೇಕಾದರೆ ಹಿಂಡಲು ಅನುಕೂಲವಾಗುವಂತೆ, ಹಿಡಿದಿದ್ದಳು. ಮೊದಲ ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು, ಅವಳು ಹಿಂಡಲಿಲ್ಲ. ಟೀಚರ್ ಅಭ್ಯಾಸಬಲದಿಂದ ಫ್ಯಾನಿನ ಕಡೆಗೊಮ್ಮೆ ನೋಡಿದರು. ಅದು ತಿರುಗುತ್ತಲೇ ಇತ್ತು, ಹಾಗೆಯೇ ಬಿಟ್ಟರು.

ಭಗವಂತನು ಆ ಮಾಲೀಕನಿಗೆ ಪರೀಕ್ಷೆಯ ಕೋಣೆಯ ಹೊರಗೆ ಹಾಡುವ ಮನಸ್ಸು ಬಾರದಂತೆ ಕಾಯಲಿ. ಗೊಗ್ಗರಣ್ಣನ ಏಣಿ ಜಾರದಿರಲಿ, ಅವನ ಮನೆಯ ದೀಪ ಆರದಿರಲಿ. ಮಡದಿಯ ಮಾತು ಎಂದಿನಂತೆ ಮೇಲಾಗಿರಲಿ. ಮಗಳ ಕಪ್ಪೆ ಪ್ರತಿ ಸಂಜೆಯೂ ದಡ ಸೇರಲಿ. ಅದರ ಹಿಂದೆ ಕುಂಟುತ್ತ ಬರುವ ಅಪ್ಪನ ಕಪ್ಪೆಗೂ ಒಂದು ಎಲೆ ಎಂದೆಂದಿಗೂ ಇರಲಿ.