ಹುಸೇನಸಾಬ ದೊಡ್ಡದು ಮಾಡಿದ ತೂತು

ಹೋದ ವಾರ ನಮ್ಮ ಮನೆಯ ಮುಂದೆ ಯಾರದೋ ಕಾರು ಕೆಟ್ಟು ನಿಂತಿತ್ತು. ಬಾನೆಟ್ಟು ತೆರೆದೊಡನೆ ಪೆಟ್ರೋಲಿನ ವಾಸನೆ ಕಟ್ಟೆಯವರೆಗೆ ಬಂತು. ಉಳಿದವರಿಗೆ ಅದು ಬರೀ ವಾಸನೆ. ನನಗೆ ಮಾತ್ರ ಅದರ ಜೊತೆಗೆ ಎರಡು ಸುಟ್ಟ ಕೈಗಳು ಕಾಣುತ್ತವೆ. ನಿಮಗೂ ಇಂಥ ಒಂದು ವಾಸನೆ ಇರಬಹುದು. ಇಲ್ಲದಿದ್ದರೆ ನೀವು ಪುಣ್ಯವಂತರು.

ಬ್ರಿಟಿಷರ ಕಾಲದ ಮಾತು. ಮೂವತ್ತು ತುಂಬದ ನಾನು ಹಳೆಯ ಮೋಟಾರೊಂದನ್ನು ಕೊಂಡು, ಬಾಗಲಕೋಟೆ ಸ್ಟೇಷನ್ನಿನಿಂದ ಇಳಕಲ್ಲಿಗೆ ಸೀರೆ ವ್ಯಾಪಾರಸ್ಥರನ್ನು ಒಯ್ಯುತ್ತಿದ್ದೆ. ಕೊಂಡೆನೇ ಹೊರತು ನಡೆಸಲು ಬರುತ್ತಿರಲಿಲ್ಲ. ರುಮಾಲು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಗತ್ತಿನಿಂದ ಕೂರುವುದಷ್ಟೇ ನನ್ನ ಕೆಲಸ. ನಡೆಸುವವನು, ರಿಪೇರಿ ಮಾಡುವವನು ಎಲ್ಲ ಇಳಕಲ್ಲಿನ ಹುಸೇನಸಾಬ. ನೇಕಾರರ ಮನೆಯವನಾದರೂ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ.

ಅಮೀನಗಡದ ಹತ್ತಿರದ ಏರಿನಲ್ಲಿ ನಮ್ಮ ಮೋಟಾರು ದಿನಾ ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ನೂಕಬೇಕು. ನನ್ನ ರುಮಾಲಿನ ಗತ್ತು ಅಲ್ಲಿಗೆ ಮುಗಿಯುತ್ತಿತ್ತು. ಒಂದು ದಿನ ಹುಸೇನಸಾಬ ನನ್ನನ್ನು ಕೇಳಿಯೇ, ಎಂಜಿನ್ನಿಗೆ ಪೆಟ್ರೋಲು ಬಿಡುವ ಹಿತ್ತಾಳೆಯ ಸಣ್ಣ ತುಂಡನ್ನು ಬಿಚ್ಚಿ, ಅದರ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿದ. ಮರುದಿನ ಮೋಟಾರು ನಿಲ್ಲದೆ ಏರಿತು. ಅವತ್ತೇ ಅವನು ಅಂದ:

"ಸಾವ್ಕಾರ್ರ, ಎಂಜಿನ್ದಾಗ ಏನರ ಬದ್ಲಿ ಮಾಡಿದ್ರ ವಿಮಾ ಕಂಪನಿಗೆ ತಿಳಸ್ಬೇಕಂತ ವಿಮಾದ ಕಾಗದಾ ನೀವ ಓದಿ ಹೇಳಿದ್ರಿ. ಒಂದು ಪತ್ರಾ ಬರದ ಹಾಕ್ರಿ."

ಇಷ್ಟು ಸಣ್ಣ ತೂತಿಗೆ ಎಂಥ ಪತ್ರ ಎಂದು ನಾನು ನಕ್ಕೆ. ಆಮೇಲೂ ಎರಡು ಸಲ ನೆನಪಿಸಿದ. ನಾನು ಬರೆಯಲಿಲ್ಲ.

ಆ ಬೇಸಿಗೆಯಲ್ಲಿ ಹುನಗುಂದ ಇನ್ನೇನು ಬಂತು ಅನ್ನುವಾಗ ಎಂಜಿನ್ನಿಗೆ ಬೆಂಕಿ ಹತ್ತಿತು. ಮೊದಲು ಹಾರಿದವನು ನಾನೇ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಸೀಟಿನಲ್ಲಿ ನಡೆಯಲು ಬಾರದ ಮುದುಕಿಯೊಬ್ಬಳಿದ್ದಳು. ಹುಸೇನಸಾಬ ಉರಿಯೊಳಗೆ ಕೈಹಾಕಿ ಅವಳನ್ನು ಎಳೆದು ತಂದ. ಮುದುಕಿ ಉಳಿದಳು. ಅವನ ಎರಡೂ ಕೈ ಸುಟ್ಟವು.

ವಿಮಾ ಕಂಪನಿಯ ಸಾಹೇಬ ಸುಟ್ಟ ಎಂಜಿನ್ನನ್ನು ಬಿಚ್ಚಿ ನೋಡಿ, ನಾವಿದ್ದ ದವಾಖಾನೆಗೆ ಬಂದ. ಹತ್ತಾರು ಜನ ಸೇರಿದ್ದರು. ತೂತು ದೊಡ್ಡದು ಮಾಡಿದ್ದು ಮಾಲಕನಿಗೆ ಗೊತ್ತಿತ್ತೇ ಎಂದು ಕೇಳಿದ. ಹೌದೆಂದರೆ ಪರಿಹಾರ ತಪ್ಪಿಹೋದೀತೆಂದು ಹೆದರಿದೆ.

"ಇಲ್ರಿ," ಅಂದೆ. "ನನಗ ಹೇಳದ ಮಾಡ್ಯಾನ."

ಕೈಗಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಹುಸೇನಸಾಬ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಸಾಹೇಬನ ಕಡೆ ತಿರುಗಿ, "ಖರೆ ಐತ್ರಿ. ಅವರಿಗೆ ಗೊತ್ತಿದ್ದಿಲ್ಲ," ಎಂದ.

ತಿಂಗಳೊಳಗೆ ಕಂಪನಿಯ ಕಾಗದ ಬಂತು. ಬೆಂಕಿ ಹತ್ತಿದ್ದು ಪೆಟ್ರೋಲಿನ ಕೊಳವೆ ಸೀಳಿದ್ದರಿಂದ. ತೂತಿಗೂ ಅದಕ್ಕೂ ಸಂಬಂಧವಿಲ್ಲ. ಪರಿಹಾರ ಕೊಡುತ್ತೇವೆ ಎಂದಿತ್ತು. ನನಗೆ ಗೊತ್ತಿತ್ತೆಂದು ಅವತ್ತು ಒಪ್ಪಿಕೊಂಡಿದ್ದರೂ ಏನೂ ಆಗುತ್ತಿರಲಿಲ್ಲ.

ಆದರೆ ದವಾಖಾನೆಯ ಮಾತು ಆಗಲೇ ಊರೂರು ತಿರುಗಿತ್ತು. ಹೇಳದೆ ಕೇಳದೆ ಎಂಜಿನ್ನಿಗೆ ಕೈಹಾಕುವವನೆಂದು ಯಾರೂ ಅವನಿಗೆ ಮೋಟಾರು ಕೊಡಲಿಲ್ಲ. ಮನೆಯ ಮಗ್ಗಕ್ಕೆ ಕೂರಲು ಬೆರಳು ಮಡಚುತ್ತಿರಲಿಲ್ಲ. ಅವನನ್ನು ನೋಡಬೇಕೆಂದು ನಾನು ಹಲವು ಸಲ ಇಳಕಲ್ಲಿಗೆ ಹೋಗಿ, ಓಣಿಯ ತಿರುವಿನಿಂದಲೇ ಮರಳಿದೆ. ಕೊನೆಗೆ ಅವನು ತೀರಿಕೊಂಡ ಸುದ್ದಿ ಬಂತು.

ಹೋದ ವಾರ ಆ ವಾಸನೆ ಬಂದ ಮರುದಿನ ಬಸ್ಸು ಹತ್ತಿದೆ. ಈ ಸಲ ಓಣಿಯ ತಿರುವು ದಾಟಿದೆ. ಬಾಗಿಲು ತೆರೆದವಳು ಅವನ ಮಗಳು. ನನ್ನ ಹೆಸರು ಕೇಳಿದ್ದೇ ತಲೆತಗ್ಗಿಸಿದಳು.

"ಸಾವ್ಕಾರ್ರ, ನಮ್ಮ ಅಬ್ಬಾನ ತಪ್ಪು ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನಿಮಗ ಹೇಳದ ಮಾಡಿದ್ದು ತಪ್ಪಾತು ಅಂತ ಕಡೀತನಕಾ ಅಂತಿದ್ದ."

ತನ್ನ ಮನೆಯೊಳಗೂ ಅವನು ನನ್ನ ಸುಳ್ಳನ್ನು ಕಾಪಾಡಿದ್ದ. ಹೊಸ್ತಿಲಲ್ಲಿ ನಿಂತೇ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗ ಅಮ್ಮಾ ಅದಾಳ. ಆಕಿ ಮುಂದ ಹೇಳ್ರಿ," ಎಂದಳು.

ಒಳಗೆ ಚಾಪೆಯ ಮೇಲೆ ಕೂತಿದ್ದ ಹುಸೇನಸಾಬನ ಹೆಂಡತಿಯ ಮುಂದೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ.

"ಸಾವ್ಕಾರ್ರಿಗೆ ಹೇಳದ ಯಾಕ ಮಾಡಿದ್ರಿ ಅಂತ ನಾ ಅವರ್ನ ಸಾಯೂತನಕಾ ಬೈದೇನ್ರಿ," ಎಂದಳು. "ಬೈಸ್ಕೋತ ಸುಮ್ಮನ ಕುಂದರ್ತಿದ್ರು."

ಅಲ್ಲಿಂದ ಬಂದಮೇಲೆ, ಆ ಕಾಲದ ನೆನಪಿರುವ ಯಾರು ಸಿಕ್ಕರೂ ಹುಸೇನಸಾಬ ನನಗೆ ಹೇಳಿಯೇ ಮಾಡಿದ್ದ ಎನ್ನುತ್ತಿದ್ದೇನೆ. ಹೋಗ್ಲಿ ಬಿಡ್ರಿ, ಹಳೇ ಮಾತು ಎನ್ನುತ್ತಾರೆ ಅವರು. ಅವನ ಹೆಂಡತಿಗೆ ಅದು ಮೊನ್ನೆಯಷ್ಟೇ ಗೊತ್ತಾದ ಮಾತು.